ಅಂಬರಿನ ಕೀಟಕ್ಕೆ ಹೆಸರಿಡುವ ಕೆಲಸ

ಮರದ ರಾಳದಲ್ಲಿ ಸಿಕ್ಕಿಬಿದ್ದು ಕೋಟ್ಯಂತರ ವರ್ಷಗಳ ಬಳಿಕ ಗಣಿಯಿಂದ ಹೊರಬಂದ ಕೀಟವೊಂದು, ರೆಕ್ಕೆಯ ಗೀರು, ಕಾಲಿನ ರೋಮಗಳ ಸಮೇತ ಎಷ್ಟೇ ಅಚ್ಚುಕಟ್ಟಾಗಿ ಉಳಿದಿದ್ದರೂ, ಬಲ್ಲವರೊಬ್ಬರು ಅದರ ಅಂಗಾಂಗಗಳನ್ನು ಅಳೆದು, ಈಗಾಗಲೇ ತಿಳಿದಿರುವ ಕೀಟಗಳೊಡನೆ ಹೋಲಿಸಿ, ಅವುಗಳಿಂದ ಅದು ಹೇಗೆ ಬೇರೆಯೆಂಬುದನ್ನು ಬರಹಕ್ಕಿಳಿಸಿ, ಲ್ಯಾಟಿನ್ ರೂಪದ ಹೆಸರೊಂದನ್ನು ಕೊಟ್ಟು ಪ್ರಕಟಿಸುವವರೆಗೆ ವಿಜ್ಞಾನದ ದಾಖಲೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಪ್ರಭೇದ ವಿವರಣೆ ಎಂದು ಕರೆಯಲಾಗುವ ಈ ಕೆಲಸ ಬದುಕಿರುವ ಕೀಟಗಳ ವಿಷಯದಲ್ಲಿಯೂ ಸುಲಭವೇನಲ್ಲ. ಆದರೆ ಅಲ್ಲಿ ಸಂಶೋಧಕರಿಗೆ ಒಂದೇ ಬಗೆಯ ಹತ್ತಾರು ಕೀಟಗಳು ದೊರೆಯುತ್ತವೆ, ಅವನ್ನು ಕತ್ತರಿಸಿ ಒಳಗನ್ನು ನೋಡಬಹುದು, ಡಿಎನ್‌ಎ ಪರೀಕ್ಷಿಸಬಹುದು, ಸಂಶಯ ಬಂದರೆ ಮತ್ತೆ ಅದೇ ಕಾಡಿಗೆ ಹೋಗಬಹುದು. ಅಂಬರಿನ ಕೀಟವನ್ನು ವಿವರಿಸುವವರ ಮುಂದಿರುವುದು ಸಾಮಾನ್ಯವಾಗಿ ಒಂದೇ ಒಂದು ಕೀಟ. ಅದೂ ಮಗ್ಗುಲಾಗಿ ಬಿದ್ದ, ಕಾಲೊಂದು ಮುರಿದ, ಮುಖವನ್ನು ಗಾಳಿಗುಳ್ಳೆ ಮರೆಮಾಡಿದ, ಮುಟ್ಟಲಾಗದ ಕೀಟ. ಇಷ್ಟು ಸಾಕ್ಷ್ಯದ ಬಲದ ಮೇಲೆ ಕೊಟ್ಟ ಹೆಸರಿನಲ್ಲಿ ತೀರ್ಪಿಗಿಂತ ವಾದದ ಅಂಶವೇ ಹೆಚ್ಚು. ಈ ಕ್ಷೇತ್ರದ ಎರಡು ಶತಮಾನಗಳ ಚರಿತ್ರೆಯನ್ನು ಅಂಥ ವಾದಗಳ ಮತ್ತು ಅವುಗಳ ಮರುವಿಚಾರಣೆಯ ಚರಿತ್ರೆಯೆಂದೇ ಓದಬೇಕಾಗುತ್ತದೆ.

ತೊಗಟೆಗೆ ಪೆಟ್ಟು ಬಿದ್ದಾಗ, ಕೊಂಬೆ ಮುರಿದಾಗ, ದುಂಬಿಗಳು ಕಾಂಡವನ್ನು ಕೊರೆದಾಗ ಕೆಲವು ಮರಗಳು ಗಾಯವನ್ನು ಮುಚ್ಚಲು ಒಸರಿಸುವ ಅಂಟುದ್ರವವೇ ರಾಳ. ಜಾಲಿಯ ಗೋಂದಿನಂತೆ ಇದು ಮಳೆನೀರಿಗೆ ಕರಗಿಹೋಗುವುದಿಲ್ಲ. ಮಣ್ಣಿನಡಿ ಹೂತುಹೋದ ರಾಳದಿಂದ ಸುಲಭವಾಗಿ ಆವಿಯಾಗುವ ಅಂಶಗಳು ಕ್ರಮೇಣ ಹೊರಟುಹೋಗಿ, ಉಳಿದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಪಾಲಿಮರೀಕರಣವೆಂಬ ಈ ಕ್ರಿಯೆ ಅರ್ಧದಲ್ಲಿರುವಾಗ ಆ ವಸ್ತುವನ್ನು ಕೋಪಲ್ ಎಂದೂ, ಸಾಕಷ್ಟು ಮುಂದುವರಿದು ಅದು ಶಾಖಕ್ಕೂ ದ್ರಾವಕಗಳಿಗೂ ಸುಲಭವಾಗಿ ಜಗ್ಗದ ಸ್ಥಿತಿಗೆ ಬಂದಾಗ ಅಂಬರ್ ಎಂದೂ ಕರೆಯುತ್ತಾರೆ. ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರತೀರದಲ್ಲಿ ಸಿಗುವ, ಇಯೋಸೀನ್ ಯುಗಕ್ಕೆ ಸೇರಿದ ಅಂಬರಿನ ವಯಸ್ಸು ಸುಮಾರು 3.5 ಕೋಟಿಯಿಂದ 4.8 ಕೋಟಿ ವರ್ಷ. ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯದ್ದು 1.5ರಿಂದ 2 ಕೋಟಿ ವರ್ಷ. ಉತ್ತರ ಮ್ಯಾನ್ಮಾರಿನ ಕಚಿನ್ ರಾಜ್ಯದ ಹುಕಾಂಗ್ ಕಣಿವೆಯದು ಡೈನೋಸಾರುಗಳು ಬದುಕಿದ್ದ ಕ್ರಿಟೇಷಿಯಸ್ ಯುಗದ್ದು, ಸುಮಾರು 9.9 ಕೋಟಿ ವರ್ಷ. ಲೆಬನಾನಿನದು ಇನ್ನೂ ಹಳೆಯದು. ಇಟಲಿಯ ಡೊಲೊಮೈಟ್ ಬೆಟ್ಟಗಳಲ್ಲಿ ಸಿಕ್ಕ ಸುಮಾರು 23 ಕೋಟಿ ವರ್ಷ ಹಳೆಯ ಹನಿಗಳನ್ನು ಸಾವಿರಗಟ್ಟಲೆ ಜಾಲಾಡಿದ ಮೇಲೆ ಎರಡು ನುಸಿಗಳೂ ಒಂದು ನೊಣವೂ ದೊರೆತು, 2012ರಲ್ಲಿ ಅವುಗಳ ವಿವರಣೆ ಪ್ರಕಟವಾಯಿತು.

ರಾಳಕ್ಕೆ ಬಿದ್ದ ಕೀಟಗಳು ಆ ಕಾಡಿನ ನಿಷ್ಪಕ್ಷಪಾತ ಜನಗಣತಿಯೆಂದು ತಿಳಿಯುವುದು ತಪ್ಪಾಗುತ್ತದೆ. ದೊಡ್ಡ ಮಿಡತೆಗೋ ಕೊಡತಿಹುಳುವಿಗೋ ಒದ್ದಾಡಿ ಬಿಡಿಸಿಕೊಳ್ಳುವ ಬಲವಿರುತ್ತದೆ. ಕೆಲವೇ ಮಿಲಿಮೀಟರಿನ ನೊಣ, ನೊರಜು, ಇರುವೆ, ಕಣಜಗಳಿಗೆ ಅದಿಲ್ಲ. ಕಾಂಡದ ಮೇಲೆಯೇ ಓಡಾಡುವ ಜೀವಿಗಳು ಹೆಚ್ಚು ಸಿಗುತ್ತವೆ, ಹುಲ್ಲುಗಾವಲಿನವು ಸಿಗುವುದೇ ಅಪರೂಪ. ರಾಳವನ್ನು ಹುಡುಕಿಕೊಂಡು ಬರುವ ಕೀಟಗಳ ಕಥೆಯಂತೂ ಬೇರೆಯೇ. ಕರಾವಳಿ, ಮಲೆನಾಡುಗಳ ಜನ ಮುಜಂಟಿ ಅಥವಾ ಮಿಸ್ರಿ ಜೇನು ಎಂದು ಕರೆಯುವ ಮುಳ್ಳಿಲ್ಲದ ಪುಟ್ಟ ಜೇನ್ನೊಣಗಳು ಗೂಡು ಕಟ್ಟಲು ರಾಳವನ್ನು ಹೊತ್ತು ತರುತ್ತವೆ. ಅವುಗಳ ದೂರದ ಸಂಬಂಧಿಯಾದ, ಈಗ ಅಳಿದುಹೋಗಿರುವ ಪ್ರೊಪ್ಲೆಬಿಯಾ ಡೊಮಿನಿಕಾನಾ ಎಂಬ ಜೇನು ಡೊಮಿನಿಕನ್ ಅಂಬರಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಅಂಥ ಒಂದು ಜೇನಿನ ಬೆನ್ನಿಗೆ ಅಂಟಿದ್ದ ಪರಾಗದ ಗಂಟನ್ನು ಪರೀಕ್ಷಿಸಿ 2007ರಲ್ಲಿ ಮೆಲಿಯೋರ್ಕಿಸ್ ಕ್ಯಾರಿಬಿಯಾ ಎಂಬ ಅಳಿದ ಆರ್ಕಿಡ್ ಪ್ರಭೇದವನ್ನೇ ವಿವರಿಸಲಾಯಿತು. ಆ ಆರ್ಕಿಡ್ಡಿನ ಹೂವನ್ನಾಗಲಿ ಎಲೆಯನ್ನಾಗಲಿ ನೋಡಿದವರಿಲ್ಲ. ಜೇನಿನ ಬೆನ್ನಿನ ಮೇಲಿದ್ದ ಆ ಗಂಟೇ ಪ್ರಭೇದದ ಇಡೀ ಆಧಾರ.

ಗಣಿಯಿಂದ ಬಂದ ಕಚ್ಚಾ ಅಂಬರಿನ ಮೇಲ್ಮೈ ಮಣ್ಣು ಹಿಡಿದ, ಬಿರುಕುಬಿಟ್ಟ ಸಿಪ್ಪೆಯಿಂದ ಮುಚ್ಚಿರುತ್ತದೆ. ಸಣ್ಣ ಗರಗಸದಿಂದ ಅದನ್ನು ಕೀಟದ ಸಮೀಪದವರೆಗೆ ಕತ್ತರಿಸಿ, ಒರಟಿನಿಂದ ನಯದತ್ತ ಬೇರೆ ಬೇರೆ ದರ್ಜೆಯ ಮರಳುಕಾಗದಗಳಲ್ಲಿ ಉಜ್ಜಿ, ಕಡೆಗೆ ಹೊಳಪು ಕೊಟ್ಟು, ಕೀಟದ ಮುಖ, ಪಕ್ಕ, ಬೆನ್ನುಗಳಿಗೆ ಎದುರಾಗುವಂತೆ ಸಮತಟ್ಟಾದ ಕಿಟಕಿಗಳನ್ನು ಮಾಡಿಕೊಳ್ಳಬೇಕು. ಒಂದು ಮಿಲಿಮೀಟರಿನ ಭಾಗದಷ್ಟು ಹೆಚ್ಚು ಉಜ್ಜಿದರೆ ಕುಡಿಮೀಸೆಯ ತುದಿಯೇ ಸವೆದುಹೋಗುತ್ತದೆ. ಬಿರುಕುಗಳಿದ್ದರೆ ಇಡೀ ತುಣುಕನ್ನು ಪಾರದರ್ಶಕ ಎಪಾಕ್ಸಿಯಲ್ಲಿ ಅದ್ದಿ ಗಟ್ಟಿಮಾಡುವುದುಂಟು. ಇಷ್ಟಾದರೂ ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವ ಹಾಗೆ ಅಂಬರಿನೊಳಗಿನ ಕೀಟವೂ ಸೊಟ್ಟಗೆ ಕಾಣುತ್ತದೆ, ಏಕೆಂದರೆ ಗಾಳಿಗೂ ಅಂಬರಿಗೂ ಬೆಳಕನ್ನು ಬಾಗಿಸುವ ಶಕ್ತಿ ಬೇರೆ ಬೇರೆ. ಅಂಬರಿನ ವಕ್ರೀಭವನ ಸೂಚ್ಯಂಕ ಸುಮಾರು 1.54. ಅದಕ್ಕೆ ಹತ್ತಿರದ ಸೂಚ್ಯಂಕವುಳ್ಳ ಎಣ್ಣೆಯಲ್ಲೋ ಗ್ಲಿಸರಿನ್ನಿನಲ್ಲೋ ತುಣುಕನ್ನು ಮುಳುಗಿಸಿ ನೋಡಿದರೆ ಮೇಲ್ಮೈಯ ಗೀರುಗಳೂ ಮರೆಯಾಗಿ ಕೀಟ ಸ್ಪಷ್ಟವಾಗುತ್ತದೆ. ದುಬಾರಿ ಯಂತ್ರಗಳ ಈ ಕಾಲದಲ್ಲಿಯೂ ಅಂಬರ್ ಶಾಸ್ತ್ರದ ಬಹುಪಾಲು ಮರಳುಕಾಗದ ಹಿಡಿದ ಕೈಯ ತಾಳ್ಮೆಯ ಮೇಲೆ ನಿಂತಿದೆಯೆಂಬುದನ್ನು ಪ್ರಬಂಧಗಳ ಹೊಳಪಿನ ಚಿತ್ರಗಳು ಮರೆಸಿಬಿಡುತ್ತವೆ.

ಯಂತ್ರಗಳ ಕೊಡುಗೆಯೇನೂ ಸಣ್ಣದಲ್ಲ. ಕ್ಷ-ಕಿರಣಗಳಿಂದ ವಸ್ತುವಿನ ಪದರ ಪದರದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಮೂರು ಆಯಾಮದ ರೂಪವನ್ನು ಕಟ್ಟುವ ಸೂಕ್ಷ್ಮ ಸಿಟಿ ಸ್ಕ್ಯಾನ್ ವಿಧಾನದಿಂದ ಎಲೆಚೂರಿನ ಹಿಂದೆ ಅಡಗಿದ ತಲೆಯನ್ನೂ ತಿರುಗಿಸಿ ನೋಡಬಹುದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೋಟ್ರಾನ್ ಕೇಂದ್ರ, ಅಂದರೆ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ತೀಕ್ಷ್ಣ ಕ್ಷ-ಕಿರಣವನ್ನು ಹುಟ್ಟಿಸುವ ಕೇಂದ್ರವು, ಅದೇ ದೇಶದ ಶಾರಾಂಟ್ ಪ್ರದೇಶದ ಬೆಳಕು ಹಾಯದ ಅಂಬರನ್ನು ಪರೀಕ್ಷಿಸಿದಾಗ, ಹೊರನೋಟಕ್ಕೆ ಕಲ್ಲುಗಳಂತಿದ್ದ 640 ತುಣುಕುಗಳಲ್ಲಿ 356 ಜೀವಿಗಳು ಪತ್ತೆಯಾದವು; ಇದು 2008ರಲ್ಲಿ ಪ್ರಕಟವಾಯಿತು. ಆದರೆ ಸಾರ್ವಜನಿಕರ ಕಲ್ಪನೆಯನ್ನು ಆಳಿದ ಇನ್ನೊಂದು ಆಸೆ ಕೈಗೂಡಲಿಲ್ಲ. 1992 ಮತ್ತು 1993ರಲ್ಲಿ ಅಂಬರಿನ ಜೇನು, ಗೆದ್ದಲು, ಮೂತಿಹುಳುಗಳಿಂದ ಡಿಎನ್‌ಎ ತೆಗೆದಿರುವುದಾಗಿ ಸಾಲಾಗಿ ಘೋಷಣೆಗಳಾದವು, ಅದೇ ಹೊತ್ತಿಗೆ ಜುರಾಸಿಕ್ ಪಾರ್ಕ್ ಚಲನಚಿತ್ರವೂ ತೆರೆಕಂಡಿತು. 1997ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ತಂಡ ಆ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಅಂಥದ್ದೇನೂ ಸಿಗಲಿಲ್ಲ. 2013ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅಂಬರಿಗಿಂತ ಎಷ್ಟೋ ಎಳೆಯದಾದ ಕೋಪಲ್ಲಿನಲ್ಲಿದ್ದ ಜೇನುಗಳಲ್ಲಿ ಹುಡುಕಿದರೂ ನಂಬಲರ್ಹ ಡಿಎನ್‌ಎ ದೊರೆಯಲಿಲ್ಲ. ಹಾಗಾಗಿ ಅಂಬರಿನ ಪ್ರಭೇದವನ್ನು ಗುರುತಿಸುವುದಕ್ಕೆ ಉಳಿದಿರುವ ದಾರಿ ಆಕಾರವೊಂದೇ.

ಆಕಾರದ ಓದಿಗೂ ಮಿತಿಗಳಿವೆ. ಬದುಕಿರುವ ಎಷ್ಟೋ ಕೀಟಗಳಲ್ಲಿ ಹೊರನೋಟಕ್ಕೆ ಒಂದೇ ಎನಿಸುವ ಎರಡು ಪ್ರಭೇದಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗದ ರಚನೆಯೇ ಕೀಲಿಕೈ. ಅಂಬರಿನಲ್ಲಿ ಸಿಕ್ಕಿದ್ದು ಹೆಣ್ಣಾದರೆ ಅಥವಾ ಗಂಡಿನ ಹೊಟ್ಟೆಯ ತುದಿಯನ್ನು ಬಾಲ್ಟಿಕ್ ಅಂಬರಿಗೆ ಸಹಜವಾದ ಬಿಳಿಯ ಹಾಲುಪೊರೆ ಮುಚ್ಚಿದ್ದರೆ ಆ ಕೀಲಿಕೈ ಕೈತಪ್ಪುತ್ತದೆ. ಗಂಡು ಹೆಣ್ಣುಗಳ ರೂಪ ಬೇರೆಬೇರೆಯಾಗಿರುವ ಕೀಟಗಳಲ್ಲಿ ಒಂದೇ ಪ್ರಭೇದಕ್ಕೆ ಎರಡು ಹೆಸರು ಬೀಳುವ ಅಪಾಯವೂ ಇದೆ. ಇರುವೆಗಳಲ್ಲಂತೂ ರೆಕ್ಕೆಯಿಲ್ಲದ ಕೆಲಸಗಾರ, ರೆಕ್ಕೆಯ ರಾಣಿ, ಕಣಜದಂತೆ ಕಾಣುವ ಗಂಡು ಹೀಗೆ ಮೂರು ರೂಪಗಳು. ಆದ್ದರಿಂದ ವಿವರಣೆಯಲ್ಲಿ ಯಾವ ಲಕ್ಷಣಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಅಳತೆಗೋಲಿಗಿಂತ ಮಿಗಿಲಾಗಿ ಅನುಭವದ ಪ್ರಶ್ನೆಯಾಗುತ್ತದೆ. ರೆಕ್ಕೆಯ ನರಗಳು ಎಲ್ಲಿ ಕವಲೊಡೆಯುತ್ತವೆ, ಕುಡಿಮೀಸೆಗೆ ಎಷ್ಟು ಗಿಣ್ಣು, ಪಾದದ ತುದಿಯಲ್ಲಿ ಎಷ್ಟು ಮುಳ್ಳು ಎಂಬಂಥ, ಸಾಮಾನ್ಯ ಓದುಗರಿಗೆ ಒಣ ಪಟ್ಟಿಯೆನಿಸುವ ಸಂಗತಿಗಳೇ ಇಲ್ಲಿ ಸಾಕ್ಷಿಗಳು.

ಹೆಸರಿಡುವ ಕ್ರಮಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ ಬರೆದ ಸಿಸ್ಟೆಮಾ ನ್ಯಾಚುರೆ ಗ್ರಂಥದ 1758ರ ಹತ್ತನೆಯ ಆವೃತ್ತಿಯನ್ನು ಪ್ರಾಣಿಗಳ ಹೆಸರುಗಳ ಆರಂಭಬಿಂದುವೆಂದು ಇಟ್ಟುಕೊಂಡು ರೂಪಿಸಿದ ಅಂತರರಾಷ್ಟ್ರೀಯ ಸಂಹಿತೆ ಬದುಕಿರುವ ಮತ್ತು ಅಳಿದ ಪ್ರಾಣಿಗಳೆರಡಕ್ಕೂ ಒಂದೇ ರೀತಿ ಅನ್ವಯಿಸುತ್ತದೆ. ಹೆಸರಿಗೆ ಎರಡು ಭಾಗ: ಮೊದಲನೆಯದು ಸಮೀಪದ ಪ್ರಭೇದಗಳ ಗುಂಪಾದ ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಒಂದೇ ಪ್ರಭೇದಕ್ಕೆ ಇಬ್ಬರು ಹೆಸರಿಟ್ಟಿದ್ದರೆ ಮೊದಲು ಪ್ರಕಟವಾದದ್ದಕ್ಕೆ ಆದ್ಯತೆ. ಎಲ್ಲಕ್ಕಿಂತ ಮುಖ್ಯವಾದದ್ದು ಹೋಲೋಟೈಪ್, ಅಂದರೆ ಹೆಸರನ್ನು ಕಾಯಂ ಆಗಿ ಹೊರುವ ಒಂದೇ ಒಂದು ನಿರ್ದಿಷ್ಟ ಕೀಟ. ವಿವರಣೆಯಲ್ಲಿ ಎಷ್ಟೇ ತಪ್ಪಿದ್ದರೂ, ಆಮೇಲಿನವರು ಎಷ್ಟೇ ಭಿನ್ನವಾಗಿ ಅರ್ಥೈಸಿದರೂ ಹೆಸರು ಸೇರಿರುವುದು ಆ ಕೀಟಕ್ಕೆ. ಈಗಿನ ನಿಯಮದ ಪ್ರಕಾರ ಹೊಸ ಪ್ರಭೇದವನ್ನು ಪ್ರಕಟಿಸುವವರು ಹೋಲೋಟೈಪ್ ಯಾವುದು, ಅದು ಯಾವ ಸಂಗ್ರಹದಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲ್ಟಿಕ್ ಕೀಟಗಳನ್ನು ವಿವರಿಸಿದವರಿಗೆ ಈ ಕಟ್ಟುಪಾಡುಗಳಿರಲಿಲ್ಲ. ಪ್ರಷ್ಯಾದ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಅಂಬರ್ ತುಣುಕುಗಳ ಸಂಗ್ರಹವಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದರ ಬಹುಭಾಗ ಕಣ್ಮರೆಯಾಗಿ, ಉಳಿದದ್ದು ಜರ್ಮನಿಯ ಗಾಟಿಂಗೆನ್ ಸೇರಿತು. ಹೋಲೋಟೈಪ್ ಕಳೆದುಹೋದ ಹೆಸರನ್ನು ಹಿಡಿದುಕೊಂಡು ಅದು ಯಾವ ಕೀಟವನ್ನು ಕುರಿತದ್ದೆಂದು ಹಳೆಯ ರೇಖಾಚಿತ್ರಗಳಲ್ಲಿ ಹುಡುಕುವ ಪಾಡು ಇಂದಿನ ಸಂಶೋಧಕರಿಗೆ ಬಂದಿರುವುದು ಹೀಗೆ.

ಒಂದೇ ಅಂಬರ್ ತುಣುಕು ಒಂದು ಇಡೀ ಶಾಖೆಯ ಚರಿತ್ರೆಯನ್ನು ಬದಲಿಸಿದ ನಿದರ್ಶನವಾಗಿ ಸ್ಫೆಕೊಮಿರ್ಮಾ ಫ್ರೇಯಿಯನ್ನು ಸ್ವಲ್ಪ ವಿವರವಾಗಿ ನೋಡಬಹುದು. 1960ರ ದಶಕದ ಮಧ್ಯದವರೆಗೆ ತಿಳಿದಿದ್ದ ಅತಿ ಹಳೆಯ ಇರುವೆಗಳೆಲ್ಲ ಇಯೋಸೀನ್ ಯುಗದವು, ಮತ್ತು ಅವು ಆಗಲೇ ಇಂದಿನ ಇರುವೆಗಳಂತೆಯೇ ಇದ್ದವು. ವಿಯೆನ್ನಾದ ಗುಸ್ತಾವ್ ಮಾಯರ್ 1868ರಲ್ಲಿ ಬಾಲ್ಟಿಕ್ ಅಂಬರಿನ ಇರುವೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಇಂದಿಗೂ ಬದುಕಿರುವ ಕುಲಗಳು ಎಡತಾಕುತ್ತವೆ. ಇರುವೆಗಳು ಕುಟುಕುವ ಕಣಜಗಳ ವಂಶದಿಂದ ಹುಟ್ಟಿರಬೇಕೆಂದು ಎಲ್ಲರೂ ಒಪ್ಪಿದ್ದರೂ ಎರಡರ ನಡುವಿನ ಕೊಂಡಿ ಯಾರ ಕೈಗೂ ಸಿಕ್ಕಿರಲಿಲ್ಲ. 1966ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕ್ಲಿಫ್‌ವುಡ್ ಬೀಚಿನ ದಂಡೆಯಲ್ಲಿ ಎಡ್ಮಂಡ್ ಫ್ರೇ ಎಂಬ ಹವ್ಯಾಸಿಗೂ ಅವರ ಪತ್ನಿಗೂ ಸುಮಾರು 9 ಕೋಟಿ ವರ್ಷ ಹಳೆಯ ಅಂಬರ್ ತುಣುಕೊಂದು ಸಿಕ್ಕಿತು. ಅದರಲ್ಲಿ ಎರಡು ಕೆಲಸಗಾರ ಇರುವೆಗಳಿದ್ದವು. ತುಣುಕು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ತಲುಪಿದಾಗ ಇರುವೆ ತಜ್ಞ ಎಡ್ವರ್ಡ್ ವಿಲ್ಸನ್ ಉದ್ವೇಗದಲ್ಲಿ ಅದನ್ನು ನೆಲಕ್ಕೆ ಬೀಳಿಸಿದರೆಂದೂ, ಅದು ಎರಡು ಹೋಳಾಗಿ ಒಂದೊಂದರಲ್ಲಿ ಒಂದೊಂದು ಇರುವೆ ಗಾಯವಿಲ್ಲದೆ ಉಳಿಯಿತೆಂದೂ ಅವರೇ ಮುಂದೆ ಬರೆದುಕೊಂಡಿದ್ದಾರೆ.

ವಿಲ್ಸನ್, ಪಳೆಯುಳಿಕೆ ಕೀಟಗಳ ತಜ್ಞ ಫ್ರಾಂಕ್ ಕಾರ್ಪೆಂಟರ್ ಮತ್ತು ವಿಲಿಯಂ ಬ್ರೌನ್ 1967ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನು ವಿವರಿಸಿ, ಕುಲಕ್ಕೆ ಕಣಜ-ಇರುವೆ ಎಂಬ ಅರ್ಥದ ಗ್ರೀಕ್ ಹೆಸರನ್ನೂ ಪ್ರಭೇದಕ್ಕೆ ಫ್ರೇ ದಂಪತಿಗಳ ಹೆಸರನ್ನೂ ಇಟ್ಟರು. ವಿವರಣೆಯ ತಿರುಳಿರುವುದು ಲಕ್ಷಣಗಳ ಬೆರಕೆಯಲ್ಲಿ. ಇದರ ದವಡೆಗಳು ಕಣಜದವುಗಳಂತೆ ಗಿಡ್ಡ, ಎರಡೇ ಹಲ್ಲಿನವು. ಆದರೆ ನಡು ಇರುವೆಯದು, ಎದೆಗೂ ಹೊಟ್ಟೆಗೂ ನಡುವೆ ಗಂಟಿನಂಥ ಗಿಣ್ಣಿದೆ. ರೆಕ್ಕೆಯಿಲ್ಲದಿರುವುದು ಇರುವೆಯ ಗುಣ. ಚೆನ್ನಾಗಿ ಬೆಳೆದ ಕೊಂಡಿ ಕಣಜದಿಂದ ಬಂದ ಬಳುವಳಿ. ಇಂದಿನ ಇರುವೆಯ ಕುಡಿಮೀಸೆಯ ಮೊದಲ ಗಿಣ್ಣು ಉದ್ದವಾಗಿದ್ದು ಮೀಸೆ ಮೊಣಕೈಯಂತೆ ಮಡಚಿಕೊಳ್ಳುತ್ತದೆ, ಸ್ಫೆಕೊಮಿರ್ಮಾದಲ್ಲಿ ಆ ಗಿಣ್ಣು ಇನ್ನೂ ಗಿಡ್ಡ. ಇರುವೆಗಳಲ್ಲಿ ಮಾತ್ರ ಕಾಣುವ, ಎದೆಯ ಹಿಂಬದಿಯಲ್ಲಿದ್ದು ರೋಗಾಣುಗಳನ್ನು ತಡೆಯುವ ರಸವನ್ನು ಸ್ರವಿಸುವ ಮೆಟಾಪ್ಲೂರಲ್ ಗ್ರಂಥಿ ಇದಕ್ಕೂ ಇದ್ದಂತೆ ತೋರುತ್ತದೆಂದು ಅವರು ಬರೆದರು. ಆ ಗ್ರಂಥಿಯ ಬಾಯಿ ಕಂಡೂ ಕಾಣದಷ್ಟು ಸಣ್ಣದು. ಮೀಸೆಯ ಗಿಡ್ಡ ಗಿಣ್ಣನ್ನು ಮುಂದಿಟ್ಟು ಇದು ಇರುವೆಯೇ ಅಲ್ಲವೆಂದು 1980ರ ದಶಕದ ಕೊನೆಗೆ ಆಕ್ಷೇಪವೂ ಬಂದಿತು. 1997ರಲ್ಲಿ ಡೇವಿಡ್ ಗ್ರಿಮಾಲ್ಡಿ ಮತ್ತು ಸಂಗಡಿಗರು ನ್ಯೂಜೆರ್ಸಿಯ ಅಂಬರಿನಿಂದಲೇ ಇನ್ನಷ್ಟು ಮಾದರಿಗಳನ್ನು ಹೊರತಂದು ಗ್ರಂಥಿಯನ್ನು ಖಚಿತಪಡಿಸಿದ ಮೇಲೆ ಆ ವಾದ ಬಲಗುಂದಿತು. ಮೂವತ್ತು ವರ್ಷಗಳ ಈ ಜಗ್ಗಾಟ ನಡೆದದ್ದು ಒಂದು ಸೂಜಿಮೊನೆಯಗಲದ ರಂಧ್ರಕ್ಕಾಗಿ ಎಂಬುದು ವಿಚಿತ್ರವೆನಿಸಬಹುದು. ಆದರೆ ಎಲ್ಲವನ್ನೂ ಮರುಪರಿಶೀಲಿಸಲು ಸಾಧ್ಯವಾದದ್ದು ಆ ಎರಡು ಇರುವೆಗಳು ಸಂಗ್ರಹದಲ್ಲಿ ಸುಭದ್ರವಾಗಿದ್ದುದರಿಂದ.

ಮ್ಯಾನ್ಮಾರಿನ ಅಂಬರಿನ ಚರಿತ್ರೆಗೆ ಬ್ರಿಟಿಷ್ ಭಾರತದ ನಂಟಿದೆ. ಬರ್ಮಾ ಆಗ ಆ ಆಡಳಿತದ ಭಾಗವಾಗಿದ್ದುದರಿಂದ 1890ರ ದಶಕದಲ್ಲಿ ಹುಕಾಂಗ್ ಗಣಿಗಳನ್ನು ಪರಿಶೀಲಿಸಿ ವರದಿ ಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫ್ರಿಟ್ಜ್ ನೋಟ್ಲಿಂಗ್. ಆರ್. ಸಿ. ಜೆ. ಸ್ವಿನ್ಹೋ ಎಂಬವರು ಬರ್ಮಾದಿಂದ ಕಳಿಸಿಕೊಟ್ಟ ತುಣುಕುಗಳಲ್ಲಿನ ಕೀಟಗಳನ್ನು ಅಮೆರಿಕದ ಟಿ. ಡಿ. ಎ. ಕಾಕರೆಲ್ 1916ರಿಂದ ವಿವರಿಸತೊಡಗಿದರು. ಭೂವಿಜ್ಞಾನಿಗಳು ಆ ಅಂಬರನ್ನು ಹೆಚ್ಚು ಹಳೆಯದಲ್ಲವೆಂದು ಎಣಿಸಿದ್ದಾಗ, ಕೀಟಗಳ ಪ್ರಾಚೀನ ಲಕ್ಷಣಗಳನ್ನು ಕಂಡು ಇದು ಕ್ರಿಟೇಷಿಯಸ್ ಯುಗದ್ದಿರಬಹುದೆಂದು ಕಾಕರೆಲ್ ಶಂಕಿಸಿದರು. 2012ರಲ್ಲಿ ಅಂಬರ್ ಸಿಗುವ ಪದರದ ಜ್ವಾಲಾಮುಖಿ ಮೂಲದ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆಯೆಂದು ಅಳೆದಾಗ ಸುಮಾರು 9.88 ಕೋಟಿ ವರ್ಷವೆಂಬ ಉತ್ತರ ಬಂದು ಅವರ ಶಂಕೆ ನಿಜವಾಯಿತು. ಅವರ ಕಾಲದ ತುಣುಕುಗಳು ಲಂಡನ್ನಿನ ಸಂಗ್ರಹಾಲಯದಲ್ಲಿ ದಶಕಗಳ ಕಾಲ ಉಳಿದು, ಅವುಗಳಲ್ಲೊಂದರಲ್ಲಿದ್ದ ಇರುವೆಯನ್ನು ರಷ್ಯಾದ ಗೆನ್ನಡಿ ಡ್ಲುಸ್ಕಿ 1996ರಲ್ಲಿ ಹೈಡೊಮಿರ್ಮೆಕ್ಸ್ ಸೆರ್ಬೆರಸ್ ಎಂದು ವಿವರಿಸಿದರು.

ನರಕದ ಇರುವೆಗಳೆಂದು ಈಗ ಪ್ರಸಿದ್ಧವಾದ ಗುಂಪು ಬೆಳಕಿಗೆ ಬಂದದ್ದು ಹೀಗೆ. ಇಂದಿನ ಇರುವೆಗಳ ದವಡೆಗಳು ಅಡ್ಡಲಾಗಿ, ಎಡಬಲಕ್ಕೆ ಚಲಿಸುತ್ತವೆ. ಇವುಗಳ ಕತ್ತಿಯಂಥ ದವಡೆಗಳು ಕೆಳಗಿನಿಂದ ಮೇಲಕ್ಕೆ ಎದ್ದು, ಕೆಲವು ಪ್ರಭೇದಗಳಲ್ಲಿ ಹಣೆಯಿಂದ ಹೊರಟ ಕೊಂಬಿಗೆ ತಾಗುತ್ತವೆ. ಅಂಥ ದವಡೆಯ ಉಪಯೋಗವೇನೆಂಬುದು ಬಹುಕಾಲ ಊಹೆಯಾಗಿತ್ತು. 2020ರಲ್ಲಿ ಫಿಲಿಪ್ ಬಾರ್ಡನ್ ಮತ್ತು ಸಂಗಡಿಗರು ಪ್ರಕಟಿಸಿದ ತುಣುಕಿನಲ್ಲಿ ಸೆರಾಟೊಮಿರ್ಮೆಕ್ಸ್ ಎಲ್ಲೆನ್‌ಬರ್ಗೆರಿ ಎಂಬ ಇರುವೆ ತನ್ನ ದವಡೆ ಮತ್ತು ಕೊಂಬಿನ ನಡುವೆ ಕ್ಯಾಪುಟೊರಾಪ್ಟರ್ ಎಂಬ ಕೀಟದ ಮರಿಯನ್ನು ಹಿಡಿದುಕೊಂಡೇ ರಾಳದಲ್ಲಿ ಮುಳುಗಿದೆ. ಬೇಟೆಯಾದ ಆ ಕೀಟದ ವರ್ಗೀಕರಣ ಇನ್ನೂ ಕುತೂಹಲದ್ದು. ಅದರ ಬಳಗಕ್ಕಾಗಿ 2016ರಲ್ಲಿ ಏಲಿಯನೋಪ್ಟೆರಾ ಎಂಬ ಹೊಸ ಗಣವನ್ನೇ ಸ್ಥಾಪಿಸಲಾಗಿತ್ತು. ಗಣವೆಂದರೆ ಚಿಟ್ಟೆಗಳೆಲ್ಲ, ದುಂಬಿಗಳೆಲ್ಲ ಸೇರುವಷ್ಟು ದೊಡ್ಡ ವಿಭಾಗ. ಇವು ಜಿರಲೆಗಳ ವಂಶದೊಳಗಿನದೇ ಒಂದು ಕವಲೆಂದು ಬೇರೆ ತಜ್ಞರು ಬಳಿಕ ವಾದಿಸಿದರು. ವಿಚಿತ್ರ ಆಕಾರ ಕಂಡೊಡನೆ ಹೊಸ ಗಣವನ್ನೇ ಕಟ್ಟುವ ಉತ್ಸಾಹ ಅಂಬರ್ ಸಂಶೋಧನೆಯಲ್ಲಿ ಕೊಂಚ ಹೆಚ್ಚೇ ಇದೆಯೆನ್ನದೆ ವಿಧಿಯಿಲ್ಲ.

ಆದರೆ ಅಂಥ ಉತ್ಸಾಹ ಒಮ್ಮೆ ನಿಜವಾದ ಪ್ರಸಂಗವೂ ಇದೆ. ಜರ್ಮನಿಯ ಆಲಿವರ್ ಜೊಂಪ್ರೊ ಬಾಲ್ಟಿಕ್ ಅಂಬರಿನಲ್ಲಿನ, ಕಡ್ಡಿಹುಳುವನ್ನೂ ಮ್ಯಾಂಟಿಸನ್ನೂ ನೆನಪಿಸಿದರೂ ಎರಡಕ್ಕೂ ಸೇರದ ರೆಕ್ಕೆಯಿಲ್ಲದ ಕೀಟವನ್ನು 2001ರಲ್ಲಿ ರಾಪ್ಟೊಫಾಸ್ಮಾ ಎಂಬ ಕುಲವಾಗಿ ವಿವರಿಸಿದರು. ಅದೇ ಲಕ್ಷಣಗಳು, 1909ರಲ್ಲಿ ನಮೀಬಿಯಾದಿಂದ ಮತ್ತು 1950ರಲ್ಲಿ ತಾಂಜಾನಿಯಾದಿಂದ ಸಂಗ್ರಹಿಸಲ್ಪಟ್ಟು ಹೆಸರಿಲ್ಲದೆ ಯುರೋಪಿನ ಸಂಗ್ರಹಾಲಯಗಳಲ್ಲಿದ್ದ ಒಣ ಕೀಟಗಳಲ್ಲಿಯೂ ಕಂಡುಬಂದವು. 2002ರಲ್ಲಿ ಮ್ಯಾಂಟೊಫಾಸ್ಮಟೋಡಿಯಾ ಎಂಬ ಹೊಸ ಗಣ ಪ್ರಕಟವಾಯಿತು; ಕೀಟಗಳಲ್ಲಿ ಬದುಕಿರುವ ಸದಸ್ಯರಿರುವ ಹೊಸ ಗಣವೊಂದು ದೊರೆತು ಆಗ ಸುಮಾರು ತೊಂಬತ್ತು ವರ್ಷಗಳಾಗಿದ್ದವು. ಅದೇ ವರ್ಷ ನಮೀಬಿಯಾದ ಬ್ರಾಂಡ್‌ಬರ್ಗ್ ಬೆಟ್ಟಕ್ಕೆ ಹೋದ ತಂಡಕ್ಕೆ ಇವು ಜೀವಂತವಾಗಿಯೇ ಸಿಕ್ಕವು.

ಬೇಡಿಕೆಯಿರುವಲ್ಲಿ ಮೋಸವೂ ಇರುತ್ತದೆ. ಲಂಡನ್ನಿನ ಸಂಗ್ರಹಾಲಯ 1922ರಲ್ಲಿ ಪಡೆದ ಸಂಗ್ರಹವೊಂದರಲ್ಲಿ ಬಾಲ್ಟಿಕ್ ಅಂಬರಿನೊಳಗೆ ಫ್ಯಾನಿಯಾ ಸ್ಕಲಾರಿಸ್ ಎಂಬ, ಇಂದಿಗೂ ಪಾಯಿಖಾನೆಗಳ ಸುತ್ತ ಹಾರಾಡುವ ನೊಣವಿತ್ತು. ವರ್ಗೀಕರಣಶಾಸ್ತ್ರದ ದೊಡ್ಡ ಹೆಸರಾದ ವಿಲ್ಲಿ ಹೆನ್ನಿಗ್ ಅವರೇ ಅದನ್ನು 1966ರಲ್ಲಿ ನಿಜವೆಂದು ಒಪ್ಪಿ ಬರೆದಿದ್ದರು. 1993ರಲ್ಲಿ ಆಂಡ್ರ್ಯೂ ರಾಸ್ ಅದನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿರುವಾಗ ದೀಪದ ಬಿಸಿಗೆ ಬಿರುಕೊಂದು ಕಾಣಿಸಿತು. ಯಾರೋ ಅಂಬರನ್ನು ಎರಡಾಗಿ ಸೀಳಿ, ಒಂದು ಹೋಳಿನಲ್ಲಿ ಕುಳಿ ತೋಡಿ ನೊಣವನ್ನಿಟ್ಟು, ಮತ್ತೆ ಅಂಟಿಸಿದ್ದರು. ಆದ್ದರಿಂದ ವಿವರಣೆಗೆ ಮೊದಲು ತುಣುಕಿನ ಪರೀಕ್ಷೆ ನಡೆಯುತ್ತದೆ: ಅಂಬರ್ ಸಿಹಿನೀರಿನಲ್ಲಿ ಮುಳುಗಿ ಗಾಢ ಉಪ್ಪುನೀರಿನಲ್ಲಿ ತೇಲುತ್ತದೆ, ಅತಿನೇರಳೆ ಬೆಳಕಿನಲ್ಲಿ ಮಿನುಗುತ್ತದೆ, ಅಸಿಟೋನಿನ ಹನಿಗೆ ಕೋಪಲ್ಲಿನಂತೆ ಅಂಟಂಟಾಗುವುದಿಲ್ಲ, ಅವಗೆಂಪು ಕಿರಣಗಳನ್ನು ಅದು ಹೀರುವ ರೀತಿಯಿಂದ ಮೂಲಸ್ಥಳವನ್ನೂ ಊಹಿಸಬಹುದು. ಮೋಸವಿಲ್ಲದೆಯೂ ಎಡವುವುದುಂಟು. 2020ರ ಮಾರ್ಚಿನಲ್ಲಿ ನೇಚರ್ ಪತ್ರಿಕೆ ಮ್ಯಾನ್ಮಾರ್ ಅಂಬರಿನ ಪುಟ್ಟ ತಲೆಬುರುಡೆಯೊಂದನ್ನು ಅತಿ ಚಿಕ್ಕ ಹಕ್ಕಿಯಂಥ ಡೈನೋಸಾರೆಂದು ಪ್ರಕಟಿಸಿ, ಅದು ಹಲ್ಲಿಯ ಬಳಗದ್ದೆಂದು ತಿಳಿದುಬಂದ ಮೇಲೆ ಜುಲೈನಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡಿತು.

ಮ್ಯಾನ್ಮಾರ್ ಅಂಬರಿನಿಂದ ಇದುವರೆಗೆ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳು ವಿವರಣೆಗೊಂಡಿವೆ, ಅವುಗಳ ಬಹುಪಾಲು ಈ ಶತಮಾನದಲ್ಲಿ. ಈ ಬೆಳೆಯ ಹಿಂದೆ ಕಹಿಯೂ ಇದೆ. ಹುಕಾಂಗ್ ಗಣಿಪ್ರದೇಶ ಕಚಿನ್ ಬಂಡುಕೋರರಿಗೂ ಸೇನೆಗೂ ನಡುವಿನ ಸಂಘರ್ಷದ ನೆಲ. 2017ರಲ್ಲಿ ಸೇನೆ ಅದನ್ನು ವಶಪಡಿಸಿಕೊಂಡಿತು. ಪಳೆಯುಳಿಕೆಗಳನ್ನು ದೇಶದಿಂದ ಹೊರಗೊಯ್ಯುವುದನ್ನು ಅಲ್ಲಿನ ಕಾನೂನು ತಡೆದರೂ ಅಂಬರ್ ರತ್ನವೆಂಬ ಲೆಕ್ಕದಲ್ಲಿ ಚೀನಾದ ಯುನ್ನಾನ್ ಪ್ರಾಂತದ ತೆಂಗ್‌ಚೊಂಗ್ ಮಾರುಕಟ್ಟೆಗೆ ಹರಿಯಿತು. ಕಶೇರುಕ ಪಳೆಯುಳಿಕೆಗಳ ಅಧ್ಯಯನಕಾರರ ಅಂತರರಾಷ್ಟ್ರೀಯ ಸಂಘ 2020ರ ಏಪ್ರಿಲ್‌ನಲ್ಲಿ, 2017ರ ಜೂನ್ ಬಳಿಕ ಪಡೆದ ತುಣುಕುಗಳ ಮೇಲಿನ ಪ್ರಬಂಧಗಳನ್ನು ಪ್ರಕಟಿಸಬಾರದೆಂದು ಸಂಪಾದಕರಿಗೆ ಮನವಿ ಮಾಡಿತು. ಕೆಲವು ಪತ್ರಿಕೆಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ನಿಷೇಧದಿಂದ ಮಾದರಿಗಳು ಆಭರಣದಂಗಡಿಗಳಲ್ಲಿ ಚದುರಿಹೋಗುತ್ತವೆ ಎಂಬ ಪ್ರತಿವಾದವೂ ಬಂದಿತು. ಎರಡೂ ಕಡೆ ಸತ್ಯಾಂಶವಿದೆ. ಆದರೆ ಹೋಲೋಟೈಪೊಂದು ಖಾಸಗಿ ಕಪಾಟಿನಲ್ಲಿ ಉಳಿದು ಮತ್ತೊಬ್ಬ ತಜ್ಞನಿಗೆ ನೋಡಸಿಗದೆ ಹೋದರೆ ಸ್ಫೆಕೊಮಿರ್ಮಾಕ್ಕೆ ನಡೆದಂಥ ಮರುಪರಿಶೀಲನೆ ಅದಕ್ಕೆ ಎಂದೂ ನಡೆಯದು ಎಂಬುದಂತೂ ನಿಶ್ಚಿತ.

ಭಾರತದ್ದೇ ಆದ ಅಂಬರ್ ನಿಕ್ಷೇಪ ಗುಜರಾತಿನ ಸೂರತ್ ಸಮೀಪದ ವಸ್ತಾನ್ ಮತ್ತು ತಡಕೇಶ್ವರ್ ಲಿಗ್ನೈಟ್ ಗಣಿಗಳಲ್ಲಿದೆ. ಖಂಭಾತ್ ಅಂಬರೆಂದು ಹೆಸರಾದ ಇದರ ವಯಸ್ಸು 5 ಕೋಟಿ ವರ್ಷಕ್ಕೂ ಹೆಚ್ಚು. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ಹುಕಮ್ ಸಿಂಗ್, ಗಢವಾಲಿನ ರಾಜೇಂದ್ರ ರಾಣಾ, ಹಿರಿಯ ಪಳೆಯುಳಿಕೆ ತಜ್ಞ ಅಶೋಕ್ ಸಾಹನಿ ಅವರೊಂದಿಗೆ ಜರ್ಮನಿ, ಅಮೆರಿಕಗಳ ಸಂಶೋಧಕರೂ ಸೇರಿ 2010ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಸುಮಾರು 150 ಕಿಲೊ ಅಂಬರಿನಿಂದ 700ಕ್ಕೂ ಹೆಚ್ಚು ಸಂಧಿಪದಿಗಳು, ಅಂದರೆ ಕೀಟ, ಜೇಡಗಳಂಥ ಗಿಣ್ಣುಗಾಲಿನ ಜೀವಿಗಳು, ದೊರೆತವು. ಭಾರತ ಆಗ ಆಫ್ರಿಕಾದಿಂದ ಬೇರ್ಪಟ್ಟು ಬಹುಕಾಲ ಸಾಗರದಲ್ಲಿ ಒಂಟಿಯಾಗಿ ಚಲಿಸಿ ಏಷ್ಯಾವನ್ನು ಸಮೀಪಿಸಿದ್ದ ಭೂಖಂಡ. ಹಾಗಾಗಿ ಬೇರೆಲ್ಲಿಯೂ ಇಲ್ಲದ ಕೀಟಗಳೇ ತುಂಬಿರಬೇಕೆಂಬ ನಿರೀಕ್ಷೆಯಿತ್ತು. ಸಿಕ್ಕಿದ್ದರಲ್ಲಿ ಹಲವು ಬಾಲ್ಟಿಕ್ ಅಂಬರಿನ, ಏಷ್ಯಾದ, ಅಮೆರಿಕದ ಕೀಟಗಳಿಗೆ ಸಂಬಂಧಿಗಳಾಗಿದ್ದು ಆ ಒಂಟಿತನದ ಕಲ್ಪನೆಯನ್ನೇ ಸಡಿಲಿಸಿದವು.

ಈ ರಾಳವನ್ನು ಒಸರಿಸಿದವು ಡಿಪ್ಟೆರೊಕಾರ್ಪೇಸಿ ಕುಟುಂಬದ ಮರಗಳೆಂದು ಅದರ ರಾಸಾಯನಿಕ ರಚನೆ ತೋರಿಸಿತು. ಸಾಲವೃಕ್ಷವೂ ಪಶ್ಚಿಮಘಟ್ಟಗಳಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಸಾಲುಧೂಪದ ಮರವೂ ಕಿರಾಲಭೋಗಿಯೂ ಅದೇ ಕುಟುಂಬದವು. ಘಟ್ಟದ ಊರುಗಳಲ್ಲಿ ಇಂದಿಗೂ ಕೆಂಡಕ್ಕೆ ಹಾಕುವ ಸಾಲುಧೂಪದ ರಾಳ ಹಾಗೆ ನೋಡಿದರೆ ಖಂಭಾತ್ ಅಂಬರಿನ ಹತ್ತಿರದ ಬಂಧು. ಈ ಬಗೆಯ ರಾಳದ ಅಣುಗಳು ಬಾಲ್ಟಿಕ್ ಅಂಬರಿನವುಗಳಷ್ಟು ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ, ಆದ್ದರಿಂದ ಟಾಲೀನ್, ಕ್ಲೋರೊಫಾರಂಗಳಂಥ ದ್ರಾವಕಗಳಲ್ಲಿ ಇದು ಕರಗುತ್ತದೆ ಮತ್ತು ಒಳಗಿನ ಕೀಟವನ್ನು ಇಡಿಯಾಗಿ ಹೊರತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಡಬಹುದು. ಬೇರೆ ಅಂಬರಿನ ಕೀಟಗಳಲ್ಲಿ ಕಾಣಸಿಗದ ಸೂಕ್ಷ್ಮಗಳು ಹೀಗೆ ಕೈಗೆಟುಕುತ್ತವೆ. ಆದರೆ ಒಮ್ಮೆ ಕರಗಿಸಿದ ಮೇಲೆ 5 ಕೋಟಿ ವರ್ಷ ಅದನ್ನು ಕಾಪಾಡಿದ ಕವಚ ಮತ್ತೆ ಸಿಗುವುದಿಲ್ಲ, ಹೊರಬಂದದ್ದು ಉಸಿರು ತಾಗಿದರೂ ಪುಡಿಯಾಗಬಲ್ಲ ಪೊರೆ. ಒಂದೇ ಬಗೆಯ ಹಲವು ಕೀಟಗಳಿದ್ದಾಗ ಒಂದನ್ನು ಕರಗಿಸಿ ಮತ್ತೊಂದನ್ನು ಅಂಬರಿನಲ್ಲಿಯೇ ಹೋಲೋಟೈಪಾಗಿ ಉಳಿಸಿಕೊಳ್ಳುವ ದಾರಿಯಿದೆ. ಇರುವುದು ಒಂದೇ ಆದಾಗ, ಹೆಸರಿನ ಏಕೈಕ ಆಧಾರವನ್ನು ಪಣಕ್ಕಿಡಬೇಕೋ, ಕಂಡಷ್ಟರಲ್ಲಿಯೇ ವಿವರಣೆ ಬರೆದು ಉಳಿದದ್ದನ್ನು ಮುಂದಿನವರಿಗೆ ಬಿಡಬೇಕೋ ಎಂಬುದನ್ನು ಪ್ರತಿ ಕೀಟದ ಮಟ್ಟಿಗೂ ಬೇರೆಬೇರೆಯಾಗಿಯೇ ತೀರ್ಮಾನಿಸಬೇಕಾಗುತ್ತದೆ.